ಶಿಮ್ಲಾದಿಂದ ಸ್ಪಿತಿ ಸುತ್ತಿ ಮನಾಲಿಗೆ ಕಾರಲ್ಲಿ ಹೋಗಲು ಆರು ದಿನ ಸಾಕಾ?

ಸೆಪ್ಟೆಂಬರ್ ಕೊನೆಯಲ್ಲಿ ನೀವು, ನಿಮ್ಮ ಹೆಂಡತಿ, 64 ವರ್ಷದ ತಂದೆ ಮೂವರೂ ಶಿಮ್ಲಾದಿಂದ ಹೊರಟು ಹಿಮಾಚಲದ ಕಿನ್ನೌರ್, ಸ್ಪಿತಿ ಕಣಿವೆಗಳನ್ನು ನೋಡಿ ಮನಾಲಿಗೆ ಇಳಿಯಬೇಕು. ಆರು ದಿನ ಸಾಕಾ, ಮನಾಲಿಯಿಂದಲೇ ಶುರು ಮಾಡಿದರೆ ಬೇಗ ಮುಗಿಯುತ್ತಾ ಅಂತ ಕೇಳಿದ್ದೀರಿ. ಆರು ದಿನ ಸಾಲದು, ಎಂಟು ಇಟ್ಟುಕೊಳ್ಳಿ. ಮನಾಲಿಯಿಂದ ಶುರು ಮಾಡುವ ಯೋಚನೆಯನ್ನಂತೂ ಬಿಟ್ಟುಬಿಡಿ. ತಂದೆ ಜೊತೆಗಿದ್ದಾರೆ ಅಲ್ವಾ?

ಈ ದಾರಿಯಲ್ಲಿ ಕಿಲೋಮೀಟರ್ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅನ್ನೋದೇ ಲೆಕ್ಕ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಶಿಮ್ಲಾದ ಮಾಲ್ ರೋಡೇ ಅದಕ್ಕಿಂತ ಮೇಲಿದೆ. ಮನಾಲಿ 2,000 ಮೀಟರ್ ಆಸುಪಾಸು. ಅಲ್ಲಿಂದ ಬೆಳಿಗ್ಗೆ ಹೊರಟರೆ ಅದೇ ದಿನ 4,500 ಮೀಟರ್ ಮೀರಿದ ಕುಂಜುಮ್ ಪಾಸ್ ಹತ್ತಿ, ರಾತ್ರಿ 3,600 ಮೀಟರ್‌ಗಿಂತ ಮೇಲಿರುವ ಕಾಜಾದಲ್ಲಿ ಮಲಗಬೇಕಾಗುತ್ತದೆ. ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆನೋವು, ವಾಂತಿ, ನಿದ್ದೆ ಇಲ್ಲ. ಗಟ್ಟಿಮುಟ್ಟಾದ ಹುಡುಗರೂ ಮಾರನೇ ದಿನ ಹೋಟೆಲ್ ರೂಮಲ್ಲಿ ಮುಸುಕು ಹಾಕಿಕೊಂಡು ಮಲಗಿರುವುದನ್ನು ಕಾಜಾದಲ್ಲಿ ನೋಡಿದ್ದೇನೆ. ಶಿಮ್ಲಾ ಕಡೆಯಿಂದ ಹೋದರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರುತ್ತೀರಿ.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ರಾತ್ರಿ ಸರಾಹನ್. ಭೀಮಾಕಾಳಿ ದೇವಸ್ಥಾನ ಇರುವ ಊರು, ಮರ ಮತ್ತು ಕಲ್ಲು ಸೇರಿಸಿ ಕಟ್ಟಿದ ಗುಡಿ. ಎರಡನೇ ರಾತ್ರಿ ಸಾಂಗ್ಲಾ. ಬೆಳಿಗ್ಗೆ ಎದ್ದು ಚಿತ್ಕುಲ್‌ಗೆ ಹೋಗಿ ಬಂದು, ಮೂರನೇ ರಾತ್ರಿ ಕಲ್ಪಾ. ಅಲ್ಲಿ ಕಿನ್ನರ ಕೈಲಾಸದ ಕಡೆಗೆ ಕಿಟಕಿ ಇರುವ ರೂಮ್ ಕೇಳಿ ತೆಗೆದುಕೊಳ್ಳಿ, ಇನ್ನೂರು ಮುನ್ನೂರು ಜಾಸ್ತಿ ಕೇಳಿದರೂ ಕೊಡಿ. ನೀವು ಹೋಗುವ ಹೊತ್ತಿಗೆ ಕಿನ್ನೌರ್ ತುಂಬಾ ಸೇಬಿನ ಕೊಯ್ಲು ನಡೆದಿರುತ್ತದೆ. ರಸ್ತೆಯಲ್ಲಿ ಲಾರಿಗಳೂ ಜಾಸ್ತಿ, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಾಲ್ಕನೇ ದಿನ ಉದ್ದದ ದಿನ. ಖಾಬ್ ಹತ್ತಿರ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತದೆ. ಅಲ್ಲಿಂದ ಹಸಿರು ಮುಗಿಯಿತು, ಬರೀ ಬೋಳು ಬೆಟ್ಟ. ಹೆಚ್ಚಿನವರು ಅವತ್ತು ನಾಕೋದಲ್ಲಿ ಉಳಿಯುತ್ತಾರೆ. ನಾಕೋ 3,600 ಮೀಟರ್ ಆಸುಪಾಸು, ಮುಂದಿನ ತಾಬೋ 3,300ರ ಒಳಗೆ. ಹಾಗಾಗಿ ನಾಕೋದಲ್ಲಿ ಊಟ ಮಾಡಿ, ಕೆರೆ ಸುತ್ತಿ, ಇಳಿದು ತಾಬೋದಲ್ಲಿ ಮಲಗಿ. ತಂದೆಯವರಿಗೆ ಆ ರಾತ್ರಿ ಸುಖವಾಗಿ ನಿದ್ದೆ ಬರುತ್ತದೆ. ತಾಬೋ ಮಠ 996ನೇ ಇಸವಿಯದ್ದು. ಹೊರಗಿಂದ ನೋಡಿದರೆ ಮಣ್ಣಿನ ಗೋಡೆ, ಅಷ್ಟೇ. ಒಳಗೆ ಹೋದ ಮೇಲೆ ಕತ್ತಲಿಗೆ ಕಣ್ಣು ಹೊಂದಲು ಒಂದೆರಡು ನಿಮಿಷ ಸುಮ್ನೆ ನಿಲ್ಲಿ, ಗೋಡೆ ತುಂಬಾ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ಫೋಟೋ ತೆಗೆಯುವಂತಿಲ್ಲ, ಅದೇ ಒಳ್ಳೆಯದು.

ಐದನೇ ದಿನ ಧನಕರ್ ಮಠ ನೋಡಿಕೊಂಡು ಕಾಜಾ. ಆರನೇ ದಿನ ಕಾಜಾದಲ್ಲೇ ಉಳಿದು ಕೀ ಮಠ, ಲಾಂಗ್ಜಾ, ಹಿಕ್ಕಿಮ್‌ಗೆ ಹೋಗಿ ಬನ್ನಿ. ಹಿಕ್ಕಿಮ್ 4,400 ಮೀಟರ್ ಎತ್ತರದಲ್ಲಿದೆ, ಅಲ್ಲೊಂದು ಅಂಚೆ ಕಚೇರಿ ಇದೆ, ಊರಿಗೆ ಕಾರ್ಡ್ ಹಾಕಬಹುದು. ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಬಂದು ಮಲಗುವುದರಿಂದ ತೊಂದರೆ ಕಡಿಮೆ. ಏಳನೇ ದಿನ ಕುಂಜುಮ್ ದಾಟಿ ಮನಾಲಿ. ಎಂಟನೆಯದು ಖಾಲಿ ದಿನ. ಎಲ್ಲೋ ಗುಡ್ಡ ಕುಸಿದು ಅರ್ಧ ದಿನ ನಿಂತರೆ, ಇಲ್ಲಾ ತಂದೆಗೆ ಸುಸ್ತಾದರೆ ಬಳಸಿಕೊಳ್ಳುವುದಕ್ಕೆ.

ಚಂದ್ರತಾಲ್ ಸರೋವರದ ಹತ್ತಿರ ಟೆಂಟ್ ಹಾಕಿಸಿ ಮಲಗುವ ಆಸೆ ಇದೆ ಅಂದಿದ್ದೀರಿ. ಈ ಸಲ ಬೇಡ. ಅದು 4,200 ಮೀಟರ್ ಮೇಲಿದೆ, ಸೆಪ್ಟೆಂಬರ್ ಕೊನೆಯಲ್ಲಿ ರಾತ್ರಿ ಮೈ ಕೊರೆಯುವ ಚಳಿ, ಹತ್ತಿರದಲ್ಲಿ ಆಸ್ಪತ್ರೆ ಇಲ್ಲ. 2023ರ ಜುಲೈನಲ್ಲೇ ಹಿಮ ಬಿದ್ದು ಸುಮಾರು 300 ಜನ ಅಲ್ಲಿ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ನೀವಿಬ್ಬರೇ ಹೋದಾಗ ನೋಡಿದರಾಯಿತು.

ಇನ್ನು ಕಾರು ನೀವೇ ಓಡಿಸಬೇಕಾ ಅನ್ನೋ ಪ್ರಶ್ನೆ. ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ಓಡಿಸಿದ ಕೈ ಇದ್ದರೆ ಕಾಜಾವರೆಗೆ ಕಷ್ಟವಿಲ್ಲ. ಇಳಿಯುವಾಗ ಬ್ರೇಕ್ ತುಳಿಯುತ್ತಾ ಕೂರದೆ ಎರಡನೇ ಗೇರಲ್ಲಿ ಇಳಿಸುವುದು, ಹತ್ತುವ ಗಾಡಿಗೆ ದಾರಿ ಬಿಡುವುದು ನಿಮಗೆ ಗೊತ್ತೇ ಇರುತ್ತದೆ. ಕಷ್ಟ ಇರುವುದು ಕುಂಜುಮ್ ಇಳಿದ ಮೇಲೆ, ಬಾತಲ್‌ನಿಂದ ಗ್ರಾಂಫೂವರೆಗೆ. ಅಲ್ಲಿ ರಸ್ತೆ ಅನ್ನುವುದೇ ಕಲ್ಲು, ನೀರು. ಹಿಮನದಿ ಕರಗಿದ ನೀರು ನಾಲಾ ಆಗಿ ರಸ್ತೆಯ ಮೇಲೇ ಹರಿಯುತ್ತದೆ. ಬೆಳಿಗ್ಗೆ ಕಡಿಮೆ, ಬಿಸಿಲೇರಿದಂತೆ ಜಾಸ್ತಿ. ಅದಕ್ಕೇ ಕಾಜಾದಿಂದ ಐದೂವರೆಗೆಲ್ಲ ಹೊರಡಬೇಕು.

ನಮ್ಮ ಡ್ರೈವರ್ ಒಂದು ನಾಲಾ ಹತ್ತಿರ ಗಾಡಿ ನಿಲ್ಲಿಸಿ, ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ನೀರಿಗಿಳಿದರು. ಕಾಲಿನಲ್ಲೇ ತಡಕಿ ಆಳ ನೋಡಿದರು. ಒಂದು ದೊಡ್ಡ ಕಲ್ಲನ್ನು ಪಕ್ಕಕ್ಕೆ ಉರುಳಿಸಿದರು, ಇನ್ನೊಂದನ್ನು ತಂದು ಗುಂಡಿಗೆ ಹಾಕಿದರು. ಆಮೇಲೆ ನಮ್ಮನ್ನೆಲ್ಲ ಇಳಿಸಿ, ಮೊದಲ ಗೇರಿನಲ್ಲಿ, ಎಲ್ಲೂ ನಿಲ್ಲಿಸದೆ ಒಂದೇ ದಮ್ಮಿಗೆ ದಾಟಿಸಿದರು. ನಾನೇ ಓಡಿಸುತ್ತಿದ್ದರೆ ಮಧ್ಯದಲ್ಲಿ ಕ್ಲಚ್ ಒತ್ತಿರುತ್ತಿದ್ದೆ ಅಂತಲೇ ನನ್ನ ಅನುಮಾನ. ಇದೇ ಡ್ರೈವರ್ ತರಂಡಾ ದೇವಿ ಗುಡಿ ಎದುರು ನಿಲ್ಲಿಸಿ ಕೈಮುಗಿದರು, ಕುಂಜುಮ್ ತುದಿಯಲ್ಲಿ ಗಾಡಿಯನ್ನೇ ಗುಡಿಗೆ ಒಂದು ಸುತ್ತು ಹಾಕಿಸಿದರು. ಆ ದಾರಿಯ ಡ್ರೈವರ್‌ಗಳು ಇವೆರಡನ್ನೂ ತಪ್ಪಿಸುವುದಿಲ್ಲ. ಒಟ್ಟಿನಲ್ಲಿ ನಿಮ್ಮ ವಿಷಯದಲ್ಲಿ ಸ್ಥಳೀಯ ಡ್ರೈವರ್ ಇರುವ, ನೆಲದಿಂದ ಎತ್ತರ ಜಾಸ್ತಿ ಇರುವ ಗಾಡಿ ತೆಗೆದುಕೊಳ್ಳಿ ಅನ್ನುತ್ತೇನೆ. ಕಾಸು ಸ್ವಲ್ಪ ಬಿಗಿಯಾಗುತ್ತದೆ, ಆದರೆ ನೀವೂ ಕಿಟಕಿಯಾಚೆ ನೋಡಬಹುದು.

ಚಿಲ್ಲರೆ ವಿಷಯಗಳು: ರೆಕಾಂಗ್ ಪಿಯೋ ಹತ್ತಿರದ ಪೊವಾರಿ ಬಿಟ್ಟರೆ ಮುಂದಿನ ಪೆಟ್ರೋಲ್ ಬಂಕ್ ಕಾಜಾದಲ್ಲೇ, ಎರಡೂ ಕಡೆ ಟ್ಯಾಂಕ್ ತುಂಬಿಸಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ, ಶಿಮ್ಲಾದಲ್ಲೇ ನಗದು ತೆಗೆದಿಟ್ಟುಕೊಳ್ಳಿ. ಭಾರತೀಯರಿಗೆ ಈ ದಾರಿಗೆ ಇನ್ನರ್ ಲೈನ್ ಪರ್ಮಿಟ್ ಬೇಡ. ಊಟಕ್ಕೆ ರಾಜ್ಮಾ ಚಾವಲ್, ತುಕ್ಪಾ (ನೂಡಲ್ಸ್ ಸೂಪ್) ಸಿಗುತ್ತದೆ. ತಂದೆಗೆ ಮೂರನೇ ದಿನಕ್ಕೆ ಅದು ಸಾಕಾಗಿಬಿಡುತ್ತದೆ, ಒಂದು ಡಬ್ಬಿ ಚಟ್ನಿಪುಡಿ, ಉಪ್ಪಿನಕಾಯಿ ಹಾಕಿಕೊಳ್ಳಿ. ಹೊರಡುವ ಮುಂಚೆ ಅವರ ಬಿಪಿ, ಹೃದಯ ತಪಾಸಣೆ ಮಾಡಿಸಿ, ಎತ್ತರದ ತೊಂದರೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಕೊಡಬಹುದಾ ಅಂತ ವೈದ್ಯರನ್ನೇ ಕೇಳಿ. ಮೆಡಿಕಲ್ ಶಾಪಿನವರ ಮಾತು ಕೇಳಿ ನುಂಗಿಸಬೇಡಿ. ಕಾಜಾದಲ್ಲಿ ಅವರಿಗೆ ತಲೆನೋವು ಜಾಸ್ತಿಯಾಗಿ ಉಸಿರಾಟ ಕಷ್ಟವಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ತೋರಿಸಿ, ಕೆಳಗೆ ಇಳಿಸಿ.

ಕುಂಜುಮ್ ಸಾಮಾನ್ಯವಾಗಿ ಅಕ್ಟೋಬರ್‌ವರೆಗೆ ತೆರೆದಿರುತ್ತದೆ, ಆದರೆ ಸೆಪ್ಟೆಂಬರ್ ಕೊನೆಗೇ ಹಿಮ ಬಿದ್ದ ವರ್ಷಗಳಿವೆ. ಮುಚ್ಚಿದ್ದರೆ ಬಂದ ದಾರಿಯಲ್ಲೇ ಶಿಮ್ಲಾಕ್ಕೆ ವಾಪಸ್, 400 ಕಿಲೋಮೀಟರ್‌ಗೂ ಜಾಸ್ತಿ, ಎರಡು ದಿನ. ಆಗ ಖಾಲಿ ದಿನವೂ ಅದಕ್ಕೇ ಹೋಗುತ್ತದೆ. ಹಾಗಾಗಿ ಮನಾಲಿಯ ಹೋಟೆಲನ್ನು ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹಾಗೆ ಬುಕ್ ಮಾಡಿ. ಬೆಂಗಳೂರಿನ ವಿಮಾನವನ್ನು ಚಂಡೀಗಢದಿಂದಲೇ ಹಿಡಿಯಿರಿ, ಮನಾಲಿಯಿಂದ ಬಂದರೂ ಶಿಮ್ಲಾದಿಂದ ಬಂದರೂ ಅಲ್ಲಿಗೆ ಇಳಿಯಬಹುದು.