ಮಿಲಾನಿನ ಕಾನ್ಸುಲ್ ನಿನಗೆ ಏನಾಗಬೇಕು

ತಮ್ಮಾ, ಇಟಲಿಯ ಟೊರಿನೊಗೆ ಓದಲು ಬರುವ ಮುಂಚೆ ನೀನು ಕೇಳಿದ್ದು ಇಷ್ಟು: "ಅಣ್ಣಾ, ಅಲ್ಲಿ ಏನಾದ್ರೂ ಎಡವಟ್ಟಾದ್ರೆ ಮಿಲಾನಿನಲ್ಲಿರೋ ನಮ್ಮ ಸರ್ಕಾರದ ಅಧಿಕಾರಿ, ಕಾನ್ಸುಲ್ ಅಂತಾರಲ್ಲ, ಅವರು ನೋಡ್ಕೋತಾರಂತೆ, ನಿಜಾನಾ? ಅವರಿಗೆ ಎಷ್ಟು ಪವರ್ ಇರುತ್ತೆ?"

ಪವರ್ ಇದ್ದದ್ದು ಹಳೇ ರೋಮಿನ ಕಾನ್ಸುಲ್‌ಗಳಿಗೆ. ರಾಜನನ್ನು ಓಡಿಸಿದ ಮೇಲೆ, ಕ್ರಿ.ಪೂ. 509ರಲ್ಲಿ ಅಂತ ಅವರ ಲೆಕ್ಕ, ವರ್ಷಕ್ಕೆ ಇಬ್ಬರನ್ನು ಆರಿಸತೊಡಗಿದರು. ಸೈನ್ಯ ಅವರ ಕೈಯಲ್ಲಿ. ಬೀದಿಗೆ ಬಂದರೆ ಮುಂದೆ 12 ಜನ ಭಟರು ಕೋಲಿನ ಕಂತೆ ಹೊತ್ತು ನಡೆಯುತ್ತಿದ್ದರು. ಆದರೆ ಒಬ್ಬ ಹೂಂ ಅಂದದ್ದಕ್ಕೆ ಇನ್ನೊಬ್ಬ ಊಹೂಂ ಅಂದರೆ ಕೆಲಸ ಅಲ್ಲಿಗೇ ನಿಂತಿತು! ವರ್ಷವನ್ನು ಗುರುತಿಸುತ್ತಿದ್ದದ್ದೂ ಆ ಇಬ್ಬರ ಹೆಸರಿನಿಂದಲೇ. ಕ್ರಿ.ಪೂ. 59ರಲ್ಲಿ ಬಿಬುಲಸ್ ಅನ್ನುವ ಕಾನ್ಸುಲ್ ಇನ್ನೊಬ್ಬ ಕಾನ್ಸುಲ್ ಜೂಲಿಯಸ್ ಸೀಸರನ ಜೊತೆ ಹೆಣಗಲಾಗದೆ ಮನೆ ಸೇರಿಕೊಂಡ. ಜನ ಅದನ್ನು 'ಜೂಲಿಯಸ್ ಮತ್ತು ಸೀಸರ್ ಕಾನ್ಸುಲ್ ಆಗಿದ್ದ ವರ್ಷ' ಅಂತ ಗೇಲಿ ಮಾಡಿದರು.

ಆಮೇಲೆ ಜಿನೋವಾ, ಪೀಸಾ, ವೆನಿಸ್ ವರ್ತಕರು ಪರದೇಶದ ಬಂದರುಗಳಲ್ಲಿ ತಮ್ಮವರ ವ್ಯಾಜ್ಯ ತೀರಿಸಲು ಒಬ್ಬನನ್ನು ಇಟ್ಟುಕೊಂಡರು. ಅವನಿಗೂ ಕಾನ್ಸುಲ್ ಅಂತಲೇ ಹೆಸರು. ಮಿಲಾನಿನಲ್ಲಿರುವ ನಮ್ಮ ಕಾನ್ಸುಲ್ ಆ ವರ್ತಕರ ವಂಶ, ಸೀಸರನದ್ದಲ್ಲ. ಇಟಲಿ ಸರ್ಕಾರದ ಜೊತೆ ಮಾತು, ಒಪ್ಪಂದ ಎಲ್ಲ ರೋಮಿನಲ್ಲಿರುವ ರಾಯಭಾರಿಯದ್ದು. ಕಾನ್ಸುಲೇಟ್, ಅಂದರೆ ಕಾನ್ಸುಲ್ ಕಚೇರಿ, ನೋಡುವುದು ನನ್ನ ನಿನ್ನಂಥವರ ಕಾಗದ ಪತ್ರ: ಪಾಸ್‌ಪೋರ್ಟ್, ಮಗು ಹುಟ್ಟಿದರೆ ನೋಂದಣಿ, ಯಾರಾದರೂ ತೀರಿಕೊಂಡರೆ ದೇಹ ಊರಿಗೆ ಕಳಿಸುವ ಏರ್ಪಾಡು.

ಒಂದು ಹಕ್ಕು ಮಾತ್ರ ಚೆನ್ನಾಗಿ ನೆನಪಿಟ್ಟುಕೋ. ಪೊಲೀಸರು ಹಿಡಿದರೆ, ನೀನು ಕೇಳಿದ ಮೇಲೆ ಅವರು ಕಾನ್ಸುಲೇಟಿಗೆ ತಿಳಿಸಲೇಬೇಕು. ಹಾಗೆ ಕೇಳಬಹುದು ಅಂತ ನಿನಗೆ ಹೇಳಲೂ ಬೇಕು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಇದು. ಗೂಢಚಾರ ಅಂತ ಪಾಕಿಸ್ತಾನ ಹಿಡಿದ ನಮ್ಮ ಕುಲಭೂಷಣ್ ಜಾಧವ್ ಕೇಸಿನಲ್ಲಿ ಆ ದೇಶ ಮುರಿದಿದೆ ಅಂತ 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಕೋರ್ಟ್ ಹೇಳಿದ್ದು ಇದನ್ನೇ. ಹಾಗಂತ ಕಾನ್ಸುಲ್ ಬಂದು ಬಿಡಿಸಿಕೊಂಡು ಹೋಗುತ್ತಾರೆ ಅಂದುಕೊಳ್ಳಬೇಡ. ಜೈಲಿಗೆ ಬಂದು ಮಾತಾಡಿಸಬಹುದು, ವಕೀಲರನ್ನು ಹಿಡಿಯಲು ನೆರವಾಗಬಹುದು. ಮನೆ ಮಾಲೀಕ ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಸುಮ್ನೆ ಅಲ್ಲಿಗೆ ಅಲೆಯಬೇಡ. ಪೆರ್ಮೆಸ್ಸೊ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಅದೂ ಅವರ ಕೆಲಸವಲ್ಲ. ಬಂದು 8 ಕೆಲಸದ ದಿನದೊಳಗೆ ಅಂಚೆ ಕಚೇರಿಯಲ್ಲಿ ಅರ್ಜಿ ಹಾಕು.

ನಾನು ಬಂದ ಎರಡನೇ ವರ್ಷ ರೈಲಿನಲ್ಲಿ ಬ್ಯಾಗು ಹೋಯಿತು, ಪಾಸ್‌ಪೋರ್ಟ್ ಸಮೇತ. ಮೊದಲು ಪೊಲೀಸ್ ದೂರು, ಇಲ್ಲಿ 'ದೆನೂಂಚ' ಅನ್ನುತ್ತಾರೆ. ಅದು ಕೈಯಲ್ಲಿದ್ದರೆ ಆಮೇಲೆ ಮಿಲಾನ್. ಬರೀ ಊರಿಗೆ ಹೋಗುವವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಸಾಕು, ಆದರೆ ಅದು ಹೋಗಲಷ್ಟೇ, ವಾಪಸ್ ಬರಲು ಅಲ್ಲ. ನನಗೆ ಹೊಸ ಪಾಸ್‌ಪೋರ್ಟೇ ಬೇಕಿತ್ತು. ಫಾರ್ಮಿನಲ್ಲಿ ಹಳೇ ನಂಬರ್ ತುಂಬಬೇಕು, ನನ್ನ ಹತ್ತಿರ ಒಂದು ಜೆರಾಕ್ಸೂ ಇಲ್ಲ. ಇಲ್ಲಿ ರಾತ್ರಿ ಹನ್ನೊಂದು, ಊರಲ್ಲಿ ಎರಡೂವರೆ. ಅಪ್ಪನನ್ನು ಎಬ್ಬಿಸಿ, ಬೀರು ತೆಗೆಸಿ, ಜೆರಾಕ್ಸ್ ಹುಡುಕಿಸಿ ನಂಬರ್ ಓದಿಸಿಕೊಂಡೆ. ನೀನು ಎರಡು ಪ್ರತಿ ಮಾಡಿಸು, ಒಂದನ್ನು ಅಮ್ಮನ ಕೈಗೆ ಕೊಟ್ಟು ಬಾ.