ಚೊಂಬಿಗೂ ಕೆಂಪು ಚುಕ್ಕೆ

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು, ವಯಸ್ಸು 26. ಬೆಂಗಳೂರಿನಲ್ಲಿ ಇನ್ನೂ ಮೂವರು ಹುಡುಗಿಯರ ಜೊತೆ ಬಾಡಿಗೆ ಮನೆ ಹಂಚಿಕೊಂಡು ಒಂಬತ್ತು ತಿಂಗಳಾಯಿತು. ಅವರು ಸಸ್ಯಾಹಾರಿಗಳು. ಸೇರುವಾಗ ‘ನೀನು ಏನು ತಿಂದರೂ ಅಡ್ಡಿಯಿಲ್ಲ’ ಎಂದಿದ್ದರು. ಕಳೆದ ಭಾನುವಾರ ಒಣ ಸೀಗಡಿ ಹುರಿದು ಚಟ್ನಿ ಮಾಡಿದೆ. ಯಾರೂ ಮಾತಾಡಲಿಲ್ಲ. ಮರುದಿನ ನೋಡಿದರೆ ಕುಕ್ಕರ್, ಬಾಣಲೆ, ನೀರಿನ ಚೊಂಬು, ಎಲ್ಲದಕ್ಕೂ ಕೆಂಪು ನೈಲ್‌ಪಾಲಿಶ್ ಚುಕ್ಕೆ. ‘ಚುಕ್ಕೆ ಇರುವುದನ್ನು ಬಳಸಬೇಡ’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ, ಜೊತೆಗೆ ಕೈಮುಗಿದ ಚಿತ್ರ. ಇನ್ನು ಒಣಮೀನು ಕಳುಹಿಸಬೇಡ ಎಂದು ಅಮ್ಮನಿಗೆ ಹೇಳಿಬಿಟ್ಟೆ. ಮನೆ ಬಿಡಲೇ?

ಉತ್ತರ: ಬಾಣಲೆಯ ಚುಕ್ಕೆಯ ಬಗ್ಗೆ ನನಗೆ ಅಂಥ ಸಿಟ್ಟಿಲ್ಲ. ಮೀನು ಮುಟ್ಟದವರು ತಮ್ಮ ಬಾಣಲೆ ಬೇರೆ ಇಟ್ಟುಕೊಳ್ಳಲಿ, ನೀವೂ ಒಂದು ಕೊಂಡುಕೊಳ್ಳಿ. ಆದರೆ ಚೊಂಬಿನಲ್ಲಿ ಯಾರೂ ಸೀಗಡಿ ಹುರಿಯುವುದಿಲ್ಲವಲ್ಲ? ಅದಕ್ಕೆ ಬಳಿದ ಚುಕ್ಕೆ ನಿಮ್ಮ ಕೈಗೇ ಬಳಿದಂತೆ. ಬಳಿಯುವ ಭರದಲ್ಲಿ ಚೊಂಬಿಗೂ ತಗುಲಿರಲೂಬಹುದು. ಕೇಳದೆ ಗೊತ್ತಾಗುವುದಿಲ್ಲ.

ಗುಂಪಿನಲ್ಲಿ ಉತ್ತರಿಸಬೇಡಿ, ಅಲ್ಲಿ ಮೂವರೂ ಒಂದಾಗುತ್ತಾರೆ. ಚುಕ್ಕೆ ಇಟ್ಟವಳೊಬ್ಬಳನ್ನೇ ಸಂಜೆ ತಾರಸಿಗೆ ಕರೆಯಿರಿ. ಚೊಂಬನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ‘ನಿನಗೆ ಕಷ್ಟವಾದದ್ದು ವಾಸನೆಯೋ, ನಾನು ಮುಟ್ಟುವುದೋ?’ ಎಂದು ಕೇಳಿ, ಕೇಳಿದ ಮೇಲೆ ಸುಮ್ಮನಿರಿ. ‘ಹೋಗಲಿ ಬಿಡು’ ಎಂದು ನೀವೇ ಅವಳನ್ನು ಪಾರು ಮಾಡಬೇಡಿ. ಒಂದು ಸಂದೇಶಕ್ಕೇ ಅಮ್ಮನ ಮೀನು ನಿಲ್ಲಿಸಿದವರು ಅದನ್ನೇ ಮಾಡುತ್ತೀರಿ ಎಂಬ ಅಂಜಿಕೆ ನನಗೆ.

ವಾಸನೆ ಎಂದರೆ ನಂಬಿ. ನಾನೂ ಕರಾವಳಿಯವಳೇ, ಒಣ ಸೀಗಡಿಯ ಘಾಟು ಅಡುಗೆಮನೆಯ ಪಕ್ಕ ಒಣಹಾಕಿದ ಬಟ್ಟೆಯನ್ನೂ ಬಿಡುವುದಿಲ್ಲ. ‘ಅಡ್ಡಿಯಿಲ್ಲ’ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಆಮ್ಲೆಟ್. ಹುರಿಯುವ ದಿನ ಮುಂಚೆಯೇ ತಿಳಿಸಿ, ಬಟ್ಟೆ ತೆಗೆಸಿ, ಕಿಟಕಿ ತೆರೆದಿಡಿ. ಮಾತು ಅಲ್ಲಿಗೆ ಮುಗಿಯಬಹುದು.

ಮುಟ್ಟುವುದೇ ಎಂದರೆ, ಅಥವಾ ‘ನಮ್ಮ ಮನೆಯಲ್ಲಿ ಹಾಗೆ, ಏನು ಮಾಡುವುದು’ ಎಂದು ತಲೆ ತಗ್ಗಿಸಿದರೆ, ನೀವು ಹೊಂದಿಕೊಳ್ಳಬೇಕಾದದ್ದು ಏನೂ ಇಲ್ಲ. ಜಾತಿಯ ಹೆಸರೆತ್ತದೆ ಜಾತಿ ನಡೆಸುವ ಮನೆಯಲ್ಲಿ ಬಾಡಿಗೆ ಕೊಟ್ಟು ಯಾಕಿರಬೇಕು? ಆದರೆ ಸಿಟ್ಟಿನಲ್ಲಿ ಈ ವಾರವೇ ಗಂಟುಮೂಟೆ ಕಟ್ಟಬೇಡಿ. ಕರಾರು ಪತ್ರ ಎಲ್ಲರದರಂತೆ 11 ತಿಂಗಳದ್ದಾದರೆ ಉಳಿದಿರುವುದು ಎರಡೇ ತಿಂಗಳು. ಅದರಲ್ಲಿ ನಿಮ್ಮ ಹೆಸರಿದೆಯೇ, ಮುಂಗಡದಲ್ಲಿ ನಿಮ್ಮ ಪಾಲು ಯಾರ ಕೈಯಲ್ಲಿದೆ ನೋಡಿಕೊಂಡು ಬೇರೆ ಮನೆ ಹುಡುಕಿ.

ಅಮ್ಮನಿಗೆ ಮಾತ್ರ ಇವತ್ತೇ ಫೋನ್ ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕಡಲಿಗೆ ಯಾಂತ್ರೀಕೃತ ದೋಣಿಗಳು ಇಳಿಯುವಂತಿಲ್ಲ. ಆ ದಿನಗಳಿಗೆಂದು ಬೇಸಿಗೆಯಲ್ಲಿ ಒಣಗಿಸಿಟ್ಟದ್ದರಲ್ಲಿ ಅವರು ನಿಮಗೂ ಒಂದು ಪಾಲು ಎತ್ತಿಡುತ್ತಾರೆ. ಕಳುಹಿಸಲು ಹೇಳಿ. ಡಬ್ಬ ಮಾತ್ರ ಬಿಗಿ ಮುಚ್ಚಳದ್ದಿರಲಿ.