ಅಮ್ಮನ ಶುಗರ್ ರಿಪೋರ್ಟ್‌ಗಳಿಗೆ ಯಾವ ಆ್ಯಪ್?

ತಾಯಿಯವರ ಹುಬ್ಬಳ್ಳಿಯ ಹಳೇ ರಿಪೋರ್ಟು, ಈಗ ಪುಣೆಯ ಕೋಥ್ರೂಡಿನಲ್ಲಿ ಮಾಡಿಸುತ್ತಿರುವುದು, ಎರಡೂ ಒಂದೇ ಆ್ಯಪ್‌ನಲ್ಲಿ ಸಿಗುತ್ತವೆಯೇ ಎಂದು ಕೇಳಿದ್ದೀರಿ. ಸಿಗಬಹುದು. ಆದರೆ ಆಭಾ, ಅಂದರೆ ಆರೋಗ್ಯ ದಾಖಲೆ ಜೋಡಿಸಲು ಕೇಂದ್ರ ಸರ್ಕಾರ ಕೊಡುವ 14 ಅಂಕಿಯ ಸಂಖ್ಯೆ, ಮಾಡಿಸಿದ ಮಾತ್ರಕ್ಕೆ ಹಳೆಯದೆಲ್ಲ ತಾನಾಗಿ ಬಂದು ಕೂರುವುದಿಲ್ಲ. ದಾಖಲೆ ಇರುವುದು ಆಸ್ಪತ್ರೆಯ ಬಳಿಯೇ. ಅವರು ಆಭಾಗೆ ಜೋಡಿಸಿದ್ದರಷ್ಟೇ ಕಾಣುತ್ತದೆ. ಮಿಕ್ಕದ್ದನ್ನು ನೀವೇ ಸ್ಕ್ಯಾನ್ ಮಾಡಿ ಹಾಕಬೇಕು.

ಆರಿಸುವ ಮುನ್ನ ಮೂರು ಹಳೇ ರಿಪೋರ್ಟ್ ಹಾಕಿ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಏರಿಳಿತ ಒಂದೇ ಪರದೆಯಲ್ಲಿ ಕಾಣುತ್ತದೆಯೇ ನೋಡಿ. ಬಹಳಷ್ಟು ಕಡೆ ಫೋಟೊ ಬರೀ ಚಿತ್ರವಾಗಿಯೇ ಉಳಿಯುತ್ತದೆ. ಅಂಕಿ, ದಿನಾಂಕ ಬೇರೆಯಾಗಿ ತುಂಬಲು ಜಾಗವಿಲ್ಲದ ಆ್ಯಪ್ ಬೇಡವೇ ಬೇಡ, ಬಣ್ಣ ಎಷ್ಟು ಚೆನ್ನಾಗಿದ್ದರೂ. ಎಲ್ಲವನ್ನೂ ಪಿಡಿಎಫ್ ಆಗಿ ಹೊರತೆಗೆಯಲೂ ಬರಬೇಕು. ದಾಖಲೆ ನೋಡಲು ಡಾಕ್ಟರಿಗೆ ಆ್ಯಪ್‌ನಲ್ಲಿ ಕೊಡುವ ಸಮ್ಮತಿಗೆ ಕೊನೆಯ ದಿನಾಂಕ ಹಾಕಿ. ಆಭಾದ ಓಟಿಪಿ ಇನ್ನೂ ಊರಿನ ಹಳೇ ಸಿಮ್‌ಗೆ ಹೋಗುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.